‘ನ್ಯೂಯಾರ್ಕ್ ಆರ್ಟ್ ಕ್ವಾರ್ಟೆಟ್’ ಮೊದಲೋ, ‘ಸೌಂಡ್’ ಮೊದಲೋ?

ನಿಗದಿತ ಲಯ, ಸ್ವರಜೋಡಣೆಗಳ ಕಟ್ಟಿಲ್ಲದೆ ನುಡಿಸುವ ಫ್ರೀ ಜಾಝ್ ಕೇಳಲು ಹೊರಟವರಿಗೆ ಎರಡು ಚೊಚ್ಚಲ ಆಲ್ಬಮ್‌ಗಳಲ್ಲಿ ಯಾವುದನ್ನು ಮೊದಲು ಹಿಡಿಯಬೇಕೆಂಬ ಗೊಂದಲ ಸಹಜ. ಒಂದು, ನ್ಯೂಯಾರ್ಕಿನಲ್ಲಿ 1964ರ ನವೆಂಬರ್ 26ರಂದು ಧ್ವನಿಮುದ್ರಣವಾಗಿ ಇಎಸ್‌ಪಿ-ಡಿಸ್ಕ್ ಕಂಪನಿಯಿಂದ ಬಂದ, ಅದೇ ಹೆಸರಿನ ನಾಲ್ವರ ತಂಡದ ‘ನ್ಯೂಯಾರ್ಕ್ ಆರ್ಟ್ ಕ್ವಾರ್ಟೆಟ್’. ಇನ್ನೊಂದು, 1966ರ ಆಗಸ್ಟ್‌ನಲ್ಲಿ ಷಿಕಾಗೊದಲ್ಲಿ ಧ್ವನಿಮುದ್ರಣವಾದ, ಸ್ಯಾಕ್ಸೊಫೋನ್ ವಾದಕ ರಾಸ್ಕೊ ಮಿಚೆಲ್ ಅವರ ಸೆಕ್ಸ್‌ಟೆಟ್‌ನ (ಆರು ಮಂದಿಯ ತಂಡದ) ‘ಸೌಂಡ್’, ಪ್ರಕಾಶಕರು ಡೆಲ್ಮಾರ್ಕ್. ಎರಡರಲ್ಲೂ ಪಿಯಾನೊ ಇಲ್ಲ, ಹಾಗಾಗಿ ಸ್ವರಗಳಿಗೆ ಹಿಂದಿನಿಂದ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಆಸರೆಯೂ ಇಲ್ಲ. ಆ ಖಾಲಿ ಜಾಗವನ್ನು ಒಬ್ಬೊಬ್ಬರು ಒಂದೊಂದು ರೀತಿ ಬಳಸಿದ್ದಾರೆ.

ನ್ಯೂಯಾರ್ಕಿನವರು ಅದನ್ನು ಮಾತುಕತೆಯಿಂದ ತುಂಬುತ್ತಾರೆ. ಜಾನ್ ಚಿಕಾಯ್ ಅವರ ಆಲ್ಟೊ ಸ್ಯಾಕ್ಸೊಫೋನ್ ತೆಳುವಾಗಿ, ಅಳತೆಯಿಂದ ಸಾಗುತ್ತದೆ. ರೋಸ್‌ವೆಲ್ ರಡ್ ಅವರ ಟ್ರಾಂಬೋನ್ ಗೊಣಗುತ್ತದೆ, ಜಾರುತ್ತದೆ, ನಡುವೆ ಬಾಯಿ ಹಾಕುತ್ತದೆ. ಡಬಲ್ ಬೇಸ್ (ನಿಲ್ಲಿಸಿ ನುಡಿಸುವ ದೊಡ್ಡ ತಂತಿವಾದ್ಯ) ಲೂಯಿಸ್ ವೊರೆಲ್ ಅವರದು. ಆಲ್ಬಮ್‌ನ ಜೀವ ಮಾತ್ರ ಮಿಲ್‌ಫರ್ಡ್ ಗ್ರೇವ್ಸ್ ಅವರ ಡ್ರಮ್ಸ್. ಸಿಂಬಲ್ (ಲೋಹದ ತಟ್ಟೆ) ಮೇಲೆ ಲಯ ಕಾಯುವ ವಾಡಿಕೆಯನ್ನೇ ಅವರು ಬಿಟ್ಟಿದ್ದಾರೆ. ಸಂಗೀತ ಕಚೇರಿಯಲ್ಲಿ ಕೈತಾಳ ಹಾಕುತ್ತಾ ಕೇಳಿ ರೂಢಿಯಾದವರು ಇಲ್ಲೇ ಎಡವುತ್ತಾರೆ: ಸಮ ಎಲ್ಲಿ ಎಂದು ಹುಡುಕುತ್ತಾರೆ, ಸಿಗುವುದಿಲ್ಲ, ಅಷ್ಟರಲ್ಲಿ ಸಂಗೀತ ಮುಂದೆ ಹೋಗಿರುತ್ತದೆ. ಎಣಿಕೆ ಬಿಟ್ಟು ಟ್ರಾಂಬೋನ್ ಒಂದನ್ನೇ ‘ರೋಸ್ಮೋಸಿಸ್’ ಟ್ರ್ಯಾಕ್‌ನ ಉದ್ದಕ್ಕೂ ಹಿಂಬಾಲಿಸಿ. ಡ್ರಮ್ಸ್ ಅದಕ್ಕೆ ಎಲ್ಲೆಲ್ಲಿ ಉತ್ತರ ಕೊಡುತ್ತದೆಂಬುದು ತಾನಾಗಿ ಕೇಳತೊಡಗುತ್ತದೆ. ಆಗ ಲೀರಾಯ್ ಜೋನ್ಸ್ ಎಂಬ ಹೆಸರಿನಲ್ಲಿದ್ದ ಕವಿ ಅಮಿರಿ ಬರಾಕಾ ತಮ್ಮ ಉಗ್ರ ಕವಿತೆಯನ್ನು ಓದುವ ಎರಡನೆಯ ಟ್ರ್ಯಾಕ್ ಅನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ಕೇಳಿದರೆ ಕಿವಿ ಪದಗಳ ಬೆನ್ನು ಹತ್ತಿ ವಾದ್ಯಗಳನ್ನು ಬಿಟ್ಟುಬಿಡುತ್ತದೆ.

‘ಸೌಂಡ್’ನಲ್ಲಿ ಆರು ಮಂದಿ ಇದ್ದರೂ ಬಿಡುವು ಹೆಚ್ಚು. ‘ದಿ ಲಿಟಲ್ ಸೂಟ್’ನಲ್ಲಿ ಹಾರ್ಮೋನಿಕ, ರೆಕಾರ್ಡರ್ (ಒಂದು ಬಗೆಯ ಕೊಳಲು), ಗಂಟೆಗಳಂಥ ಪುಟ್ಟ ವಾದ್ಯಗಳಿಗೆ ಸ್ಯಾಕ್ಸೊಫೋನಿನಷ್ಟೇ ಮರ್ಯಾದೆ. ಶೀರ್ಷಿಕೆಯ ಟ್ರ್ಯಾಕ್‌ನಲ್ಲಿ ರಾಗದ ಎಳೆಗಿಂತ ಉಸಿರಿನ ಸದ್ದು, ಒಡೆದ ಸ್ವರ, ಸಿಂಬಲ್‌ನ ಅನುರಣನ, ಮೌನ ಇವೇ ಮುಖ್ಯ. ಫೋನ್ ಸ್ಪೀಕರ್‌ನಲ್ಲಿ ಇದು ಸತ್ತೇ ಹೋಗುತ್ತದೆ. ಡಬಲ್ ಬೇಸ್‌ನ ಅತಿ ಮಂದ್ರ ತಂತಿಯ ಸ್ವರ ಸುಮಾರು 41 ಹರ್ಟ್ಜ್ (ಸೆಕೆಂಡಿಗೆ 41 ಕಂಪನ). ಆ ಪುಟ್ಟ ಸ್ಪೀಕರ್ ಅದನ್ನು ಹೊರಡಿಸಲಾರದು, ಮಲಾಕೈ ಫೇವರ್ಸ್ ಅವರ ಬೇಸ್ ಸೊರಗುತ್ತದೆ. ಫ್ಯಾನ್ ಆರಿಸಿ, ಹೆಡ್‌ಫೋನ್ ಹಾಕಿ. ಮೆಲುಸದ್ದು ಕೇಳಲಿಲ್ಲವೆಂದು ವಾಲ್ಯೂಮ್ ಏರಿಸಬೇಡಿ, ಹಿಂದೆಯೇ ಬರುವ ಸ್ಯಾಕ್ಸೊಫೋನಿನ ಚೀರು ಕಿವಿಗೆ ಹೊಡೆಯುತ್ತದೆ. ಜೋರಾದ ಭಾಗಕ್ಕೇ ಹೊಂದಿಸಿ.

ಕಚೇರಿಯ ಸವಾಲು–ಜವಾಬು ಇಷ್ಟಪಡುವವರು ನ್ಯೂಯಾರ್ಕಿನಿಂದ ಶುರುಮಾಡಲಿ, ಕಿವಿ ಬೇಗ ಒಗ್ಗುತ್ತದೆ. ದುಡ್ಡು ಕೊಟ್ಟು ಒಂದನ್ನೇ ಕೊಳ್ಳುವುದಾದರೆ ನನ್ನ ಆಯ್ಕೆ ‘ಸೌಂಡ್’. ಮಿಚೆಲ್, ಫೇವರ್ಸ್ ಮತ್ತು ಟ್ರಂಪೆಟ್‌ನ ಲೆಸ್ಟರ್ ಬೋವಿ ಮುಂದೆ ಆರ್ಟ್ ಎನ್‌ಸೆಂಬಲ್ ಆಫ್ ಷಿಕಾಗೊ ಎಂಬ ತಂಡದಲ್ಲಿ ಬೆಳೆಸಿದ್ದೆಲ್ಲದರ ಬೇರು ಇಲ್ಲಿದೆ. ಸಿಡಿಯಲ್ಲಿ ಶೀರ್ಷಿಕೆಯ ಟ್ರ್ಯಾಕ್‌ನ ಎರಡು ಟೇಕ್‌ಗಳಿವೆ (ಬೇರೆ ಬೇರೆಯಾಗಿ ನುಡಿಸಿದ ಆವೃತ್ತಿಗಳು). ಎರಡನ್ನೂ ಒಂದೇ ಸಲ ಕೂತು ಕೇಳದೆ ಬೇರೆ ಬೇರೆ ದಿನ ಕೇಳಿ.