ಮಾತ್ರೆ ಕೊಡೋ ಮೊದಲು ಹಳೇ ಮಾತ್ರೆ ನೋಡೋ ಮೆಡಿಕಲ್ ಶಾಪ್, ದುರ್ಗಿಗುಡಿ

ಶಿವಮೊಗ್ಗದಲ್ಲಿ ಮೆಡಿಕಲ್ ಶಾಪ್‌ಗಳಿಗೆ ಬರವಿಲ್ಲ. ಆದ್ರೂ ನಮ್ಮನೆಯವರೆಲ್ಲ ಇಲ್ಲಿಗೇ ಬರುವುದಕ್ಕೆ ಕಾರಣ ಇದೆ.

ಮಾವನವರಿಗೆ ಹೃದಯದ ವಾಲ್ವ್ ಬದಲಾಯಿಸಿದ್ದಾರೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ದಿನಾ ವಾರ್ಫರಿನ್ ತಗೊಳ್ಳಬೇಕು. ಅಡಿಕೆ ಕೊಯ್ಲು ಮುಗಿಸಿ ತೀರ್ಥಹಳ್ಳಿಯಿಂದ ಬಂದವರು ಸೊಂಟನೋವಿಗೆ ಡೈಕ್ಲೋಫೆನಾಕ್ ಕೇಳಿದರು. ಊರಲ್ಲಿ ಎಲ್ಲರೂ ನುಂಗೋದು ಅದನ್ನೇ ಅಲ್ವಾ? ಫಾರ್ಮಸಿಸ್ಟ್ ಮೇಡಂ, ಮಾವನವರ ಕೈಚೀಲದಲ್ಲಿದ್ದ ಸ್ಟ್ರಿಪ್‌ಗಳನ್ನೆಲ್ಲ ತೆಗೆಸಿ ಗಾಜಿನ ಮೇಲೆ ಸಾಲಾಗಿ ಇಟ್ಟು ನೋಡಿದರು. "ಯಜಮಾನ್ರೇ, ಇದನ್ನ ಕೊಡಲ್ಲ. ಈ ನೋವಿನ ಮಾತ್ರೆ ಹೊಟ್ಟೆ ಒಳಗೆ ಹುಣ್ಣು ಮಾಡತ್ತೆ, ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಕೆಲಸಾನೂ ತಡೆಯತ್ತೆ. ವಾರ್ಫರಿನ್ ಬೇರೆ ಇದೆ. ರಕ್ತ ಸೋರೋಕೆ ಶುರುವಾದ್ರೆ ನಿಲ್ಲೋದು ಕಷ್ಟ" ಅಂದರು. ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಪ್ಯಾರಾಸಿಟಮಾಲ್ ಕೊಟ್ಟರು. ಅದೂ ಸ್ವಲ್ಪ ದಿನಕ್ಕೆ ಮಾತ್ರ, ಯಾಕಂದ್ರೆ ಬಿಡದೆ ತಗೊಂಡರೆ ಅದರಿಂದಲೂ ಐಎನ್‌ಆರ್, ಅಂದ್ರೆ ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯತ್ತೆ ಅಂತ ತೋರಿಸೋ ಅಳತೆ, ಏರಬಹುದು. ಮಲ ಕಪ್ಪಾದರೆ, ವಸಡಲ್ಲಿ ರಕ್ತ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ ಅಂತ ಅತ್ತೆಗೂ ಹೇಳಿದರು.

ಪತ್ರೊಡೆ ತಿನ್ನಬಹುದಾ ಅಂತ ಅತ್ತೆ ಕೇಳಿದರು. ಕೆಸುವಿನ ಎಲೆಯಲ್ಲಿ ವಿಟಮಿನ್ ಕೆ ಇರುತ್ತದೆ, ವಾರ್ಫರಿನ್ ಕೆಲಸವನ್ನು ಅದು ತಗ್ಗಿಸುತ್ತದೆ. ಹಾಗಂತ ಸೊಪ್ಪು ಬಿಡಬೇಕಿಲ್ಲ. ಒಂದು ವಾರ ರಾಶಿ ತಿಂದು ಇನ್ನೊಂದು ವಾರ ಮುಟ್ಟದೇ ಇರಬಾರದು, ಅಷ್ಟೇ.

ನನ್ನ ಥೈರಾಯ್ಡ್ ಮಾತ್ರೆ ವಿಷಯವೂ ಅಲ್ಲೇ ಗೊತ್ತಾಯಿತು. ಕ್ಯಾಲ್ಸಿಯಂ, ಐರನ್ ಮಾತ್ರೆ ಜೊತೆಗೇ ನುಂಗಿದರೆ ಅವು ಕರುಳಲ್ಲೇ ಅದನ್ನು ಹಿಡಿದುಕೊಳ್ಳುತ್ತವೆ, ಮೈಗೆ ಸರಿಯಾಗಿ ಸೇರುವುದಿಲ್ಲ. 4 ಗಂಟೆ ಅಂತರ ಬೇಕು. ಕವರ್ ಮೇಲೆ ಕನ್ನಡದಲ್ಲೇ ದಪ್ಪಕ್ಷರದಲ್ಲಿ ಬರೆದುಕೊಟ್ಟರು.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. ನಾಟಿ ಔಷಧಿ, ಕಷಾಯ ಏನಾದ್ರೂ ಕುಡಿಯುತ್ತೀರಾ ಅಂತಲೂ ಕೇಳುತ್ತಾರೆ, ಬೈಯುವುದಿಲ್ಲ. ಹಾಗಾಗಿ ಜನ ಮುಚ್ಚಿಡದೆ ಹೇಳುತ್ತಾರೆ. ಮಲೆನಾಡಲ್ಲಿ ಇದು ದೊಡ್ಡ ವಿಷಯ.

ಡಿಸ್ಕೌಂಟ್ ಜಾಸ್ತಿ ಇಲ್ಲ. ಸಂಜೆ ವಿಪರೀತ ರಶ್, ವಯಸ್ಸಾದವರಿಗೆ ಕೂರಲು ಜಾಗವಿಲ್ಲ. ಒಂದು ಬೆಂಚ್ ಹಾಕಿಸಲೇಬೇಕು. ಬೆಳಿಗ್ಗೆ ಹೋದರೆ ನಿಧಾನವಾಗಿ ಮಾತಾಡಬಹುದು. ಚೀಟಿ ಜೊತೆ ಮನೆಯಲ್ಲಿರೋ ಮಾತ್ರೆಗಳನ್ನೂ ಒಯ್ಯಿರಿ, ಹೆಸರು ಕಾಣೋ ಹಾಗೆ ಪೂರ್ತಿ ಸ್ಟ್ರಿಪ್ಪೇ ಇರಲಿ. ಕತ್ತರಿಸಿದ ತುಂಡು ನೋಡಿ ಅವರಿಗೂ ಏನೂ ಹೇಳಲಾಗುವುದಿಲ್ಲ.