ಅನೇಕ್ ಕನ್ನಡ ಫಾಂಟ್: ಹೆಡ್ಡಿಂಗ್‌ಗೆ ಸೈ, ಇಡೀ ಕಥೆಗೆ ಬೇಡ

ಕನ್ನಡದಲ್ಲಿ ಪುಟ ಕಟ್ಟುವವರಿಗೆ ಆಡಲು ಜಾಗ ಕಡಿಮೆ. ಇಂಗ್ಲಿಷ್‌ಗೆ ಕ್ಯಾಪಿಟಲ್ ಅಕ್ಷರ ಇದೆ, ಇಟಾಲಿಕ್ ಇದೆ. ನಮಗೆ ಕ್ಯಾಪಿಟಲ್ ಇಲ್ಲವೇ ಇಲ್ಲ. ಇಟಾಲಿಕ್ ಬಟನ್ ಒತ್ತಿದರೆ ದುಂಡು ಅಕ್ಷರಗಳೆಲ್ಲ ಗಾಳಿಗೆ ಬಿದ್ದ ಪೈರಿನ ಹಾಗೆ ವಾಲಿಕೊಳ್ಳುತ್ತವೆ. ಉಳಿದದ್ದು ಸೈಜ್ ಮತ್ತು ಬೋಲ್ಡ್, ಅಷ್ಟೇ. ಒಂದು ಸಣ್ಣ ಸಾಹಿತ್ಯ ಪತ್ರಿಕೆಯ ಪುಟವಿನ್ಯಾಸ ನಾನೇ ಮಾಡುತ್ತೇನೆ. ಎಷ್ಟು ಸಂಚಿಕೆ ಅಂತ ಈ ಎರಡರಲ್ಲೇ ಕಾಲ ತಳ್ಳುವುದು? ಅದಕ್ಕೇ ಅನೇಕ್ ಕನ್ನಡ ಹಿಡಿದುಕೊಂಡೆ.

ಏಕ್ ಟೈಪ್‌ನವರು ಮಾಡಿದ ಫಾಂಟ್ ಇದು, 2022ರಲ್ಲಿ ಬಂತು. ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ಮಾರುವ ಪುಸ್ತಕಕ್ಕೂ ಧಾರಾಳವಾಗಿ ಬಳಸಬಹುದು. ಇದು ವೇರಿಯಬಲ್ ಫಾಂಟ್, ಅಂದರೆ ಒಂದೇ ಫೈಲ್‌ನಲ್ಲಿ ಎಲ್ಲ ದಪ್ಪ, ಅಗಲಗಳೂ ಇರುವಂಥದ್ದು. ಆದ್ದರಿಂದ ದಪ್ಪವನ್ನು 100ರಿಂದ 800ರವರೆಗೆ, ಅಗಲವನ್ನು 75ರಿಂದ 125ರವರೆಗೆ ಎಲ್ಲಿ ಬೇಕಾದರೂ ನಿಲ್ಲಿಸಿಕೊಳ್ಳಬಹುದು.

ಈ ಅಗಲದ ಆಟವೇ ಇದರ ಜೀವ. ಹೆಡ್ಡಿಂಗ್ ಕಾಲಮ್‌ನಲ್ಲಿ ಹಿಡಿಸದಿದ್ದರೆ ನಾವೆಲ್ಲ ಏನು ಮಾಡುತ್ತೇವೆ? ಅಕ್ಷರವನ್ನು ಅಡ್ಡಡ್ಡ ಹಿಚುಕುತ್ತೇವೆ. ಆಗ ಲಂಬ ಗೆರೆ ತೆಳ್ಳಗಾಗಿ, ಅಡ್ಡ ಗೆರೆ ಹಾಗೇ ಉಳಿದು ಅಕ್ಷರ ಸೊರಗುತ್ತದೆ. ಇಲ್ಲಿ ಕಂಡೆನ್ಸ್ಡ್, ಅಂದರೆ ಅಗಲ ಕಡಿಮೆಯ ರೂಪವನ್ನು ಬೇರೆಯಾಗಿಯೇ ಬರೆದಿದ್ದಾರೆ, ಗೆರೆಯ ದಪ್ಪ ಹದ ತಪ್ಪುವುದಿಲ್ಲ. ‘ಸ್ವಾತಂತ್ರ್ಯೋತ್ತರ ಕವಿತೆಗಳು’ ಅನ್ನೋ ಶೀರ್ಷಿಕೆಯನ್ನು 28 ಪಾಯಿಂಟ್‌ನಲ್ಲಿ ಎರಡು ಕಾಲಮ್ ಪುಟದ ಒಂದೇ ಕಾಲಮ್‌ಗೆ ಕೂರಿಸಬೇಕಿತ್ತು. ಮೊದಲ ಪದವೇ ತುಂಡಾಗುತ್ತಿತ್ತು. ಅಗಲ 75ಕ್ಕೆ ಇಳಿಸಿದೆ. ಪದಕ್ಕೊಂದು ಸಾಲು, ಮುಗೀತು.

ಸಾಲಿನ ಅಂತರ ಮಾತ್ರ ನೀವೇ ನೋಡಿಕೊಳ್ಳಬೇಕು. ಪುಟ ಕಟ್ಟುವ ಸಾಫ್ಟ್‌ವೇರ್ ಇನ್‌ಡಿಸೈನ್ ತಾನಾಗಿ ಕೊಡುವ ಅಂತರ (ಆಟೋ ಲೀಡಿಂಗ್) ಅಕ್ಷರದ ಸೈಜ್‌ನ 120 ಶೇಕಡಾ, 28ಕ್ಕೆ 33.6 ಪಾಯಿಂಟ್. ‘ತ್ರ್ಯೋ’ದ ಎರಡು ಒತ್ತುಗಳು ಕೆಳಗೆ ಇಳಿಯುತ್ತವೆ, ಕೆಳಸಾಲಿನ ‘ವಿ’ಯ ಗುಡಿಸು ಮೇಲೆ ಏಳುತ್ತದೆ. ನಡುವೆ ಉಸಿರಾಡಲು ಜಾಗ ಬೇಕಲ್ವಾ? ನಾನು 38 ಕೊಟ್ಟೆ. ಹಾಗೇ, ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಹಾಕಿಕೊಳ್ಳಿ, ಇಲ್ಲದಿದ್ದರೆ ಒತ್ತಕ್ಷರ ಸರಿಯಾಗಿ ಕೂರುವುದಿಲ್ಲ.

ಕವಿತೆ ವಿಭಾಗದಲ್ಲಿ ಇದಕ್ಕೆ ತದ್ವಿರುದ್ಧ ಮಾಡಿದೆ. ಅಗಲ 125, ದಪ್ಪ 100, ಶೀರ್ಷಿಕೆ ಎದುರುಬದುರು ಪುಟಗಳ ಉದ್ದಕ್ಕೂ. ನಡುವಿನ ಮಡಿಕೆಯಲ್ಲಿ ಅಕ್ಷರ ಸಿಕ್ಕಿಕೊಳ್ಳದ ಹಾಗೆ ಪದಗಳ ನಡುವಿನ ಖಾಲಿ ಜಾಗವನ್ನೇ ಅಲ್ಲಿಗೆ ತಂದೆ. ಪರ್ಫೆಕ್ಟ್ ಬೈಂಡಿಂಗ್ ಆದರೆ ಇನ್ನೂ ಸ್ವಲ್ಪ ಜಾಸ್ತಿ ಜಾಗ ಬಿಡಿ, ಅಂಟು ಹಾಕಿದ ಬೆನ್ನು ಪೂರ್ತಿ ತೆರೆಯುವುದಿಲ್ಲ.

ಬೇಡ ಅನ್ನಿಸುವುದು ಬಾಡಿ ಟೆಕ್ಸ್ಟ್‌ಗೆ, ಅಂದರೆ ಕಥೆ, ಲೇಖನದ ಒಳಗಿನ ಬರಹಕ್ಕೆ. ಗೆರೆಗಳೆಲ್ಲ ಹೆಚ್ಚುಕಡಿಮೆ ಒಂದೇ ದಪ್ಪ ಇರುವುದರಿಂದ ಎಂಟು ಪುಟದ ಕಥೆ ಓದಿದರೆ ಕಣ್ಣು ಬೇಸರಪಡುತ್ತದೆ. ಅಲ್ಲಿಗೆ ನೋಟೋ ಸೆರಿಫ್ ಕನ್ನಡ ಅಥವಾ ಟಿರೋ ಕನ್ನಡ ವಾಸಿ. ತೆಳು ದಪ್ಪಗಳನ್ನು ಸಣ್ಣ ಸೈಜ್‌ನಲ್ಲಿ, ಅದರಲ್ಲೂ ಕಪ್ಪಿನ ಮೇಲೆ ಬಿಳಿಯಾಗಿ ಬಳಸಲೇಬೇಡಿ. ಒರಟು ಕಾಗದ ಇಂಕ್ ಹೀರಿ ಹರಡುತ್ತದೆ, ತೆಳ್ಳನೆ ಬಿಳಿ ಗೆರೆ ಮುಚ್ಚಿಹೋಗುತ್ತದೆ. ಅಂಥ ಕಡೆ ಮೀಡಿಯಂ (ದಪ್ಪ 500)ಗಿಂತ ಕೆಳಗೆ ಇಳಿಯಬೇಡಿ.

ಇನ್ನೊಂದು. ಲೇಖಕರು ಹಳೆಯ ಆಸ್ಕಿ ಫಾಂಟ್‌ನಲ್ಲಿ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ತುಂಬಿದ ಫಾಂಟ್) ಟೈಪ್ ಮಾಡಿ ಕಳಿಸಿದ್ದರೆ ಅನೇಕ್ ಹಾಕಿದ ಕೂಡಲೇ ಕಸದಂಥ ಇಂಗ್ಲಿಷ್ ಅಕ್ಷರ ಬರುತ್ತದೆ. ಫಾಂಟ್‌ನ ತಪ್ಪಲ್ಲ, ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ನಿಮ್ಮ ಸಾಫ್ಟ್‌ವೇರ್‌ಗೆ ವೇರಿಯಬಲ್ ಫಾಂಟ್ ಗೊತ್ತಿಲ್ಲದಿದ್ದರೆ ಡೌನ್‌ಲೋಡ್ ಮಾಡಿದ ಜಿಪ್‌ನೊಳಗೆ ಸ್ಟ್ಯಾಟಿಕ್ ಫೋಲ್ಡರ್ ಇದೆ, ಅದನ್ನೇ ಇನ್‌ಸ್ಟಾಲ್ ಮಾಡಿ. ಪ್ರೆಸ್‌ಗೆ ಕಳಿಸುವ ಪಿಡಿಎಫ್‌ನಲ್ಲಿ ದೊಡ್ಡ ಹೆಡ್ಡಿಂಗ್‌ಗಳನ್ನು ಕರ್ವ್ ಮಾಡಿಬಿಟ್ಟರೆ, ಅಂದರೆ ಅಕ್ಷರವನ್ನು ಚಿತ್ರದ ಗೆರೆಯಾಗಿ ಬದಲಿಸಿಬಿಟ್ಟರೆ, ತಲೆನೋವು ಕಡಿಮೆ, ಆದರೆ ಎಡಿಟ್ ಮಾಡಬಲ್ಲ ಫೈಲ್ ಒಂದನ್ನು ಬೇರೆ ಇಟ್ಟುಕೊಳ್ಳಿ. ಕೊನೇ ಗಳಿಗೆಯಲ್ಲಿ ಶೀರ್ಷಿಕೆ ಬದಲಿಸದ ಸಂಪಾದಕರನ್ನು ನಾನಂತೂ ನೋಡಿಲ್ಲ.