ದಾಲ್ ಮಿಲ್ಲಿಗೆ ಏಐ ಏಜೆಂಟ್ ಹಾಕ್ಸೀವಿ, ನಾಕ್ ತಿಂಗಳಾದ ಮ್ಯಾಲ ಬರದ ರಿವ್ಯೂ

ನಮ್ದು ಕಲಬುರಗಿಯಾಗ ಸಣ್ಣ ದಾಲ್ ಮಿಲ್ ಅದ್ರಿ, ಕಾಕಾ ನಡಸ್ತಾರ, ಲೆಕ್ಕ ಮತ್ತ ಕಂಪ್ಯೂಟರ್ ಕೆಲ್ಸ ನಂದು. ವಾಟ್ಸಾಪ್ ಮ್ಯಾಲ ರೇಟ್ ಕೇಳೋ ಮಂದಿ ಭಾಳ, ತೊಗರಿ ರಾಶಿ ಟೈಮಿನ್ಯಾಗಂತೂ ಫೋನ್ ಕೆಳಗ ಇಡ್ಲಿಕ್ಕೇ ಆಗಲ್ಲ, ಅದಕ್ಕ ಗಿರಾಕಿಗೆ ತಾನೇ ಉತ್ತರ ಕೊಡೋ ಏಐ ಏಜೆಂಟ್ ಸರ್ವಿಸ್ ಒಂದು ತಗೊಂಡೀವಿ. ಕಂಪನಿ ಹೆಸ್ರು ಬರೆಯಲ್ಲ. 5ಕ್ಕ 3 ಸ್ಟಾರ್.

ಸೆಟಪ್ ಮಾಡಿದೋರು ಐದು ಟೂಲ್ ಜೋಡಿಸಿ ಹೋದ್ರು. ಟೂಲ್ ಅಂದ್ರ ಏಜೆಂಟ್ ಕರೆದು ಕೆಲ್ಸ ಮಾಡಿಸ್ಕೊಳ್ಳೋ ಸಣ್ಣ ಪ್ರೋಗ್ರಾಮು, ಒಂದು ರೇಟ್ ತೆಗಿತದ, ಒಂದು ಸ್ಟಾಕ್ ನೋಡ್ತದ, ಒಂದು ಆರ್ಡರ್ ಬರಕೋತದ, ಹಿಂಗ. ಅದರಾಗ ಒಂದರ ಹೆಸ್ರು ಗೆಟ್ ರೇಟ್, ಇನ್ನೊಂದರ ಹೆಸ್ರು ಗೆಟ್ ಪ್ರೈಸ್. ಡಿಸ್ಕ್ರಿಪ್ಷನ್ ಜಾಗದಾಗ ಒಂದಕ್ಕ "ರೇಟ್ ಕೊಡ್ತದ", ಇನ್ನೊಂದಕ್ಕ "ಪ್ರೈಸ್ ಕೊಡ್ತದ" ಅಂತ ಇಂಗ್ಲಿಷಿನ್ಯಾಗ ಬರದು ಮುಗಿಸ್ಯಾರ. ಖರೇ ಅಂದ್ರ ಮೊದಲನೇದು ಗಂಜಿನ (ಎಪಿಎಂಸಿ ಮಾರ್ಕೆಟಿನ) ತೊಗರಿ ಕಾಳಿನ ರೇಟು, ಕ್ವಿಂಟಲ್ ಲೆಕ್ಕ, ಎರಡನೇದು ನಮ್ಮ ಮಿಲ್ಲಿನ ಬ್ಯಾಳಿ ರೇಟು, ಕೆಜಿ ಲೆಕ್ಕ.

ಮೂರನೇ ದಿನಾನೇ ಶಹಾಬಾದಿನ ಕಿರಾಣಿ ಅಂಗಡಿಯವರೊಬ್ರು ಬ್ಯಾಳಿ ಕೆಜಿಗೆ ಎಷ್ಟ್ರಿ ಅಂತ ಕೇಳ್ಯಾರ, ಏಜೆಂಟ್ ಗಂಜಿನ ಕಾಳಿನ ರೇಟ್ ತಗೊಂಡು 100ರಿಂದ ಭಾಗಿಸಿ ಅದನ್ನೇ ಹೇಳಿಬಿಟ್ಟದ. ಒಂದು ಕ್ವಿಂಟಲ್ ತೊಗರಿ ಒಡದ್ರ ಬ್ಯಾಳಿ ಬೀಳೋದು ಸುಮಾರು 70-75 ಕೆಜಿ, ಉಳಿದದ್ದು ಚುನ್ನಿ, ಹೊಟ್ಟು, ಹಂಗಿದ್ಮ್ಯಾಲ ಕಾಳಿನ ರೇಟಿಗೆ ಬ್ಯಾಳಿ ಹ್ಯಾಂಗ ಕೊಡಾದು? ಕಾಕಾ ಮಾತು ಹೋಗಬಾರ್ದು ಅಂತ 30 ಕೆಜಿ ಅದೇ ರೇಟಿಗೆ ಕಳಿಸ್ಯಾರ.

ಸಪೋರ್ಟಿಗೆ ಫೋನ್ ಮಾಡಿದ್ರ ದೊಡ್ಡ ಮಾಡೆಲ್ (ಏಜೆಂಟಿನ ಒಳಗ ಕುಂತು ಉತ್ತರ ತಯಾರ್ ಮಾಡೋ ಏಐ) ಇರೋ ಪ್ಲಾನ್ ತಗೋರಿ ಅಂದ್ರು. ತಗೊಂಡೀವಿ, ರೊಕ್ಕ ಹೆಚ್ಚಾತು, ತಪ್ಪು ಹಂಗೇ ಉಳೀತು. ಒಂದು ಸ್ಟಾರ್ ಹೋಗಿದ್ದು ಇಲ್ಲೇ.

ಆಮ್ಯಾಲ ನಾನೇ ಕುಂತು ಓದೀನಿ. ಏಜೆಂಟಿಗೆ ಟೂಲಿನ ಒಳಗಿನ ಕೋಡ್ ಕಾಣಂಗಿಲ್ರಿ, ಅದಕ್ಕ ಕಾಣೋದು ಟೂಲಿನ ಹೆಸ್ರು, ಡಿಸ್ಕ್ರಿಪ್ಷನ್, ಏನೇನು ಮಾಹಿತಿ ಕೊಡಬೇಕು ಅನ್ನೋ ಪಟ್ಟಿ, ಇಷ್ಟೇ. ರೇಟ್ ಮತ್ತ ಪ್ರೈಸ್ ಅಂತ ಬರದಿಟ್ರ ಎಂಥಾ ಮಾಡೆಲ್ ಇದ್ರೂ ಅದು ಅಂದಾಜಿನ ಮ್ಯಾಲೇ ಒಂದು ಆರಿಸ್ಕೋತದ.

ಕಾಕಾಗೆ ಕೇಳಿದೆ, ನಾಳಿ ಊರಾಚೆಯಿಂದ ಹೊಸ ಗುಮಾಸ್ತ ಬಂದ್ರ ಈ ಎರಡು ರೇಟ್ ಹ್ಯಾಂಗ ತಿಳಿಸಿ ಹೇಳ್ತೀರಿ ಅಂತ. ಅವರು ಹೇಳಿದ್ದು ಹಂಗಂಗೇ ಟೈಪ್ ಮಾಡೀನಿ: "ಇದು ನಮ್ಮ ಮಿಲ್ಲಿನ ತೊಗರಿ ಬ್ಯಾಳಿ ಮಾರೋ ರೇಟು, ಒಂದು ಕೆಜಿಗೆ, ರೂಪಾಯಿನ್ಯಾಗ. ಗಿರಾಕಿ ಬ್ಯಾಳಿ ಕೊಳ್ಳಲಿಕ್ಕೆ ಕೇಳಿದಾಗ ಇದನ್ನ ನೋಡು. ಫಟಕಾ ಅಥವಾ ಸವಾ ನಂಬರ್, ಯಾವ ದರ್ಜೆ ಬ್ಯಾಳಿ ಅಂತ ಗಿರಾಕಿ ಹೇಳ್ಲೇಬೇಕು, ಹೇಳಿಲ್ಲಂದ್ರ ನೀನೇ ಅಂದಾಜ್ ಮಾಡಬ್ಯಾಡ, ಕೇಳು. ರೈತರು ಕಾಳು ಮಾರಲಿಕ್ಕೆ ರೇಟ್ ಕೇಳಿದ್ರ ಇದು ಬ್ಯಾಡ, ಗಂಜಿನ ರೇಟಿನ ಟೂಲ್ ನೋಡು." ಗಂಜಿನ ಟೂಲಿಗೆ ಇನ್ನೊಂದು ಸಾಲು ಸೇರಿಸೀವಿ, ಸರ್ಕಾರದ ಬೆಂಬಲ ಬೆಲಿ ಬ್ಯಾರೆ, 2025-26ಕ್ಕ ಕ್ವಿಂಟಲಿಗೆ 8,000 ರೂಪಾಯಿ ಅದ, ಅದನ್ನ ಗಂಜಿನ ರೇಟು ಅಂತ ಹೇಳಬ್ಯಾಡ ಅಂತ. ಹೆಸ್ರೂ ಬದಲಾಯಿಸಿ ಬ್ಯಾಳಿ ರೇಟ್ ಕೆಜಿ, ಗಂಜ್ ತೊಗರಿ ರೇಟ್ ಕ್ವಿಂಟಲ್ ಅಂತ ಇಟ್ಟೀವಿ. ಅವತ್ತಿಂದ ಈ ಎರಡು ಅದಲು ಬದಲು ಆಗಿಲ್ಲ, ಈಗ ಮತ್ತ ಹಳೇ ಸಣ್ಣ ಪ್ಲಾನಿಗೇ ಬಂದೀವಿ.

ಆರ್ಡರ್ ಟೂಲಿಂದೂ ಹಂಗೇ ಆಗಿತ್ತು. 2 ಕ್ವಿಂಟಲ್ ಸಿಗ್ತದೇನ್ರಿ ಅಂತ ಬರೇ ಕೇಳಿದವರಿಗೆ ಬುಕ್ಕೇ ಮಾಡಿ ಕುಂತಿತ್ತು. ಇದು ಬುಕ್ ಮಾಡ್ತದ, ಗಿರಾಕಿ ಹೂಂ ಅನ್ನೋತನಕ ಮುಟ್ಟಬ್ಯಾಡ ಅಂತ ಬರದ ಮ್ಯಾಲ ನಿಂತದ, ಆದ್ರ ರೊಕ್ಕ ಇಲ್ಲಾ ಸ್ಟಾಕ್ ಹೋಗೋ ಟೂಲಿಗೆ ಬರೇ ಬರವಣಿಗಿ ನಂಬಿ ಬಿಡಬ್ಯಾಡ್ರಿ, ನಾವು ಈಗ ಬುಕ್ ಆಗೋಕಿಂತ ಮೊದ್ಲು ಕಾಕಾನ ಫೋನಿಗೆ ಬರೋಹಂಗ ಮಾಡೀವಿ.

ಎರಡನೇ ಸ್ಟಾರ್ ಕಟ್ ಮಾಡಿದ್ದು, ಈ ಡಿಸ್ಕ್ರಿಪ್ಷನ್ ಬದಲಾಯಿಸೋ ಜಾಗ ಸೆಟ್ಟಿಂಗಿನ ಒಳಗ ಎಲ್ಲೋ ಮುಚ್ಚಿಟ್ಟಾರ, ಹಿಂಗೊಂದು ಅದ ಅಂತ ತಗೊಳ್ಳೋವಾಗ ಒಂದು ಮಾತೂ ಹೇಳಿಲ್ಲ.

ಛಲೋ ಇರೋದು ಲಾಗ್. ಯಾವ ಪ್ರಶ್ನೆಗೆ ಯಾವ ಟೂಲ್ ಕರೀತು, ಏನು ಕೊಟ್ಟು ಕರೀತು, ಎಲ್ಲಾ ಕಾಣ್ತದ, ಇದಿಲ್ಲಂದ್ರ ಶಹಾಬಾದಿನ ತಪ್ಪು ಎಲ್ಲಾಗಿದ್ದು ಅಂತ ನನಗ ತಿಳೀತಿದ್ದಿಲ್ಲ. ಕನ್ನಡದಾಗ ಬರದ್ರೂ ನಡೀತದ. ಆದ್ರ ಡಿಸ್ಕ್ರಿಪ್ಷನ್ ಪ್ರತಿ ಮೆಸೇಜಿನ ಜೋಡಿ ಮಾಡೆಲ್ಲಿಗೆ ಹೋಗ್ತದ, ಟೋಕನ್ (ಮಾಡೆಲ್ ಓದೋ ಪದದ ತುಂಡು) ಲೆಕ್ಕಕ್ಕ ಬರ್ತದ, ಸುಮ್ನ ಉದ್ದ ಎಳೀಬ್ಯಾಡ್ರಿ. ಟೂಲ್ ಎಲ್ಲಾ ಎಂಸಿಪಿ ಮ್ಯಾಲ ಅವ, ಏಐಗೆ ಟೂಲ್ ಜೋಡಿಸ್ಲಿಕ್ಕೆ 2024ರ ನವೆಂಬರಿನ್ಯಾಗ ಆಂಥ್ರೊಪಿಕ್ ಅನ್ನೋ ಏಐ ಕಂಪನಿಯವರು ಹೊರಗ ಬಿಟ್ಟ ಪದ್ಧತಿ ಅದು, ಹಿಂಗಾಗಿ ನಾಳಿ ಎಂಸಿಪಿ ನಡಿಯೋ ಬ್ಯಾರೆ ಕಂಪನಿಗೆ ಹೋದ್ರ ಬರದದ್ದು ತಗೊಂಡು ಹೋಗ್ಲಿಕ್ಕೆ ಸುಲಭ ಆಗಬಹುದು.

ಇನ್ನೊಂದು ಸರಿ ಆಗೋದು ಉಳದದ. ಗಿರಾಕಿ ನಾಡದು ಗಾಡಿ ಕಳಸ್ತೀನಿ ಅಂದ್ರ ತಾರೀಖ್ ತಪ್ಪು ಹಾಕ್ತದ, ಯಾಕಂದ್ರ ಇವತ್ತಿನ ತಾರೀಖು ಏಜೆಂಟಿಗೆ ಯಾರೂ ಹೇಳಿಲ್ಲ. ತಾರೀಖ್ ಕೊಡೋ ಟೂಲ್ ಒಂದು ಹಾಕಿಕೊಡ್ರಿ ಅಂತ ಕಂಪನಿಗೆ ಬರದೀನಿ, ಹಾಕಿಕೊಟ್ರ ಒಂದು ಸ್ಟಾರ್ ಹೆಚ್ಚು ಮಾಡ್ತೀನಿ.